ಗುತ್ತೂರಿನ ದೇವರಮನೆಯಲ್ಲಿದ್ದ ಐರಿಷ್ ಹಾಡು

ಒಂದೇ ಒಂದು ಹಾಡು ಕೇಳಲು ಐರ್ಲೆಂಡಿನಿಂದ ವಿನೋಬನಗರದ ನಮ್ಮ ಮನೆಗೆ ಬಂದಿಳಿದ ನೋರಾಳಿಗೆ ಮೊದಲು ಬೆಣ್ಣೆದೋಸೆ ತಿನ್ನಿಸಿದೆ. ಹಳೆಯ ಗ್ರಾಮಫೋನ್ ರೆಕಾರ್ಡು ಸೇರಿಸುವ ನನ್ನ ಚಟ ಮನೆಯವರಿಗೆ ತಲೆನೋವು. ಅದೇ ಚಟದವರ ಇಂಟರ್‌ನೆಟ್ ಗುಂಪಿನಲ್ಲಿ ಆಕೆ ಹರಿಹರದ ರುದ್ರಪ್ಪ ಎಂಬ ಫಿಟ್ಟರ್ ಬಗ್ಗೆ ವಿಚಾರಿಸಿದ್ದಳು. ಪಕ್ಕದ ಊರಿನವನಾಗಿ ಸುಮ್ಮನಿರಲಾದೀತೆ? ನಾಲ್ಕು ಕಡೆ ಕೇಳಿ, ಅವರು ಹರಿಹರದ ಮಗ್ಗುಲಿನ ಗುತ್ತೂರಿನಲ್ಲಿರುವುದನ್ನು ಪತ್ತೆ ಮಾಡಿದ್ದೆ.

ಬ್ಯಾಗಿನಲ್ಲಿ ನನ್ನ ಪ್ಲೇಯರ್ ಹೊತ್ತು ಹರಿಹರದ ಬಸ್ಸು ಹತ್ತಿದೆವು. ಹದಿನಾಲ್ಕು ಕಿಲೋಮೀಟರ್ ದಾರಿ. ಬಾತಿ ಊರು ದಾಟುವಷ್ಟರಲ್ಲಿ ಬಿಸಿಲು ಚುರುಗುಟ್ಟತೊಡಗಿತು. ನೋರಾ ತನ್ನ ಅಪ್ಪನ ಕಥೆ ಹೇಳಿದಳು. ಅರವತ್ತರ ದಶಕದಲ್ಲಿ ಅವರೂರಿನ ನಾಲ್ವರು ಹುಡುಗರು 'ಟಿನ್ ಲ್ಯಾಂಟರ್ನ್ಸ್' ಎಂಬ ರಾಕ್ ಬ್ಯಾಂಡ್ ಕಟ್ಟಿ, ಕುಣಿತದ ಹಾಲ್‌ಗಳಲ್ಲಿ ನುಡಿಸಿ, ಒಂದೇ ಒಂದು ರೆಕಾರ್ಡು ಹೊರತಂದರಂತೆ. ಯಾರೂ ಕೊಳ್ಳಲಿಲ್ಲ. ಎರಡು ವರ್ಷದೊಳಗೆ ಗಿಟಾರಿನವನು ಲಂಡನ್ನಿಗೆ, ಹಾಡುಗಾರ ಬ್ಯಾಂಕಿಗೆ ಹೊರಟುಹೋದರು. ಡ್ರಮ್ ಬಾರಿಸುತ್ತಿದ್ದ ಇವಳಪ್ಪ ಯಂತ್ರ ಕೂರಿಸುವ ಕೆಲಸ ಕಲಿತು, ಮುಂದೆ ಅದೇ ಕೆಲಸದ ಮೇಲೆ ಹರಿಹರಕ್ಕೂ ಬಂದಿದ್ದರು; ಅಲ್ಲಿ ಅವರ ಕೈಕೆಳಗಿದ್ದ ಫಿಟ್ಟರೇ ರುದ್ರಪ್ಪ. ರೆಕಾರ್ಡಿನ ಹಿಂಬದಿಯ ಹಾಡನ್ನು ಹಾಡಿದ್ದು ಇವಳಪ್ಪನೇ.

"ಮನೆಯಲ್ಲಿ ಅಪ್ಪ ಒಮ್ಮೆಯೂ ಹಾಡಲಿಲ್ಲ. ಇದ್ದ ಒಂದು ಪ್ರತಿಯನ್ನೂ ರುದ್ರಪ್ಪನಿಗೆ ಕೊಟ್ಟು ಬಂದಿದ್ದ. ಈಗ ಅಪ್ಪನೂ ಇಲ್ಲ," ಎಂದಳು.

ಹರಿಹರದಿಂದ ಆಟೊ ಹಿಡಿದೆವು. ರುದ್ರಪ್ಪನವರು ಬಾಗಿಲಲ್ಲೇ ನಿಂತಿದ್ದರು.

"ಬರ್ರಿ, ಕೂಡ್ರಿ. ನಮ್ ಸಾಹೇಬ್ರ ಮಗಳಾ? ಮೂಗು ಥೇಟ್ ಅವರದೇ ಐತೆ!"

ಅವರ ಹೆಂಡತಿ ಗಿರಿಜಮ್ಮ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟರು. ರುದ್ರಪ್ಪ ದೇವರಮನೆಗೆ ಹೋಗಿ ರೆಕಾರ್ಡು ತಂದರು. ಕಪ್ಪು ತಟ್ಟೆ ಕೆಂಪಗಿತ್ತು. ಪ್ರತಿ ಆಯುಧಪೂಜೆಗೆ ಸ್ಪ್ಯಾನರು, ಸ್ಕೂಟರುಗಳ ಜೊತೆ ಅದಕ್ಕೂ ಗಿರಿಜಮ್ಮ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿದ್ದರು. ಮುಳ್ಳು ಓಡುವ ಗೆರೆಗಳೆಲ್ಲ ಮುಚ್ಚಿಹೋಗಿದ್ದವು.

"ಸಾಹೇಬ್ರು ಕೊಟ್ಟಿದ್ದು, ಪೂಜೆ ಬಿಡಾಕ್ ಆಗ್ತದೇನ್ರಿ?" ಎಂದರು ರುದ್ರಪ್ಪ. "ನುಡಿಸೋಕೆ ನಮ್ಮತ್ರ ಮಷಿನ್ ಎಲ್ಲೈತೆ? ಒಂದ್ಸಲಾನೂ ಕೇಳಿಲ್ಲ."

ನೋರಾಳ ಮುಖ ಬಾಡಿತು. ಅದನ್ನು ಕಂಡು ಗಿರಿಜಮ್ಮ, "ಅಯ್ಯೋ, ನಾನೇ ಹಾಳ್ ಮಾಡಿದ್ನೇನ್ರಿ?" ಎಂದು ಸೆರಗಿನಿಂದ ಒರೆಸಲು ಬಂದರು.

"ಬ್ಯಾಡ್ರಿ ಅಮ್ಮಾ, ತಡೀರಿ," ಎಂದು ರೆಕಾರ್ಡು ತಿರುವಿ ಹಾಕಿದೆ. ಇಷ್ಟು ವರ್ಷ ಹಲಗೆಗೆ ಮುಖ ಮಾಡಿ ಮಲಗಿದ್ದ ಹಿಂಬದಿ ಹೊಸದರಂತೆ ಹೊಳೆಯುತ್ತಿತ್ತು.

ಪ್ಲೇಯರಿಗೆ ಏರಿಸಿ ಮುಳ್ಳು ಇಳಿಸಿದೆ. ಕರಕರ ಸದ್ದಿನ ನಡುವಿನಿಂದ ಒಬ್ಬ ಹುಡುಗನ ದನಿ ಬಂತು. ಶ್ರುತಿ ಅಲ್ಲಲ್ಲಿ ಕೈಕೊಟ್ಟಿತ್ತು, ಖುಷಿಗೆ ಮಾತ್ರ ಕೊರತೆ ಇರಲಿಲ್ಲ. ರುದ್ರಪ್ಪ ಕಣ್ಣರಳಿಸಿದರು.

"ಇದಾ? ಬೋಲ್ಟು ಬಿಗಿಯೋವಾಗೆಲ್ಲ ಸಾಹೇಬ್ರು ಇದನ್ನೇ ಗುನುಗ್ತಿದ್ರಲ್ರೀ!"

ಹಾಡಿನ ಮಾತು ಗೊತ್ತಿಲ್ಲದಿದ್ದರೂ ಅವರೂ ರಾಗ ಹಿಡಿದು ದನಿಗೂಡಿಸಿದರು. ಅವರ ಮಾತನ್ನು ನಾನು ಇಂಗ್ಲಿಷಿಗೆ ತಿರುಗಿಸಿದ್ದೇ ತಡ, ನೋರಾ ನಗುತ್ತಲೇ ಅತ್ತಳು. ಅಪ್ಪ ಹಾಡುವುದನ್ನು ಬಿಟ್ಟಿರಲಿಲ್ಲ! ಅದನ್ನು ಕೇಳಿದ ಕಿವಿಗಳು ಗುತ್ತೂರಿನಲ್ಲಿದ್ದವು, ಅಷ್ಟೆ. ಆ ದಂಪತಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಹಾಡನ್ನು ನೋರಾ ಫೋನಿಗೆ ತುಂಬಿಕೊಂಡಳು. ರುದ್ರಪ್ಪ ರೆಕಾರ್ಡು ಕೊಡಹೋದರೆ ಬೇಡವೆಂದಳು. ಅದು ಇಲ್ಲೇ, ಪೂಜೆ ಮಾಡುವವರ ಮನೆಯಲ್ಲೇ ಇರಲಿ ಎಂದಳು.

ಆಟೊ ಬಂತು. ಗಿರಿಜಮ್ಮ ಬಟ್ಟಲು ಹಿಡಿದು ಓಡಿಬಂದು ನೋರಾಳ ಹಣೆಗೆ ಕುಂಕುಮ ಇಟ್ಟರು.

"ಈ ಸಲ ಸರಿಯಾದ್ ಜಾಗಕ್ಕೆ ಹಚ್ಚೀನಿ ಅಂತ ಹೇಳ್ರಿ ಅವ್ರಿಗೆ," ಎಂದರು.