ಗೆದ್ದಾಗ ಅಣ್ಣನ ಮಗ

ಕ್ಷೌರದಂಗಡಿಯ ಬೆಂಚಿನ ಮೇಲೆ ಸರದಿ ಕಾಯುತ್ತ ಕೂತವನಿಗೆ ವ್ಯಾಕರಣ ಕಲಿಯಲು ಇರುವ ಅನುಕೂಲ ಯಾವ ಪಾಠಶಾಲೆಯಲ್ಲೂ ಇಲ್ಲ ಎಂಬುದು, ಆಯುಷ್ಯವೆಲ್ಲ ಕನ್ನಡ ಮಾಸ್ತರಿಕೆ ಮಾಡಿದ ನನಗೆ ಹಲ್ಲು ಉದುರಿದ ಮೇಲೆ ಹೊಳೆದ ಸತ್ಯ. ಮೊನ್ನೆ ಬನಹಟ್ಟಿಯ ಅಂಥದೊಂದು ಅಂಗಡಿಯಲ್ಲಿ ಕೂತಿದ್ದಾಗ, ಊರಿನ ಹುಡುಗರ ತಂಡ ಎಲ್ಲೋ ಪಂದ್ಯ ಗೆದ್ದ ಸುದ್ದಿ ಬಂತು. ಕೂಡಲೇ ಅಂಗಡಿಗೆ ಅಂಗಡಿಯೇ ‘ನಾವು ಗೆದ್ವಿ’ ಎಂದಿತು. ಗಲ್ಲದ ತುಂಬ ಸಾಬೂನಿನ ನೊರೆ ಹಚ್ಚಿಸಿಕೊಂಡು ಬಾಯಿ ತೆರೆಯಲಾಗದವನೂ ಕೈಯೆತ್ತಿ ತನ್ನ ಪಾಲಿನ ಗೆಲುವನ್ನು ಸ್ವೀಕರಿಸಿದ. ಹಿಂದಿನ ಸಲ ಅದೇ ತಂಡ ಸೋತಾಗ ಅದೇ ಮಹನೀಯರು ‘ಅವರು ಸೋತ್ರು’ ಎಂದಿದ್ದನ್ನು ನಾನು ಇದೇ ಬೆಂಚಿನ ಮೇಲೆ ಕೇಳಿದ್ದೆ. ಗೆಲುವಿಗೆ ಉತ್ತಮ ಪುರುಷ, ಸೋಲಿಗೆ ಪ್ರಥಮ ಪುರುಷ. ಯಾವ ವೈಯಾಕರಣನೂ ಬರೆದಿಡದ ಈ ಸೂತ್ರಕ್ಕೆ ಉದಾಹರಣೆಯಾಗಿಯೇ ಬದುಕಿದ ಗೆಳೆಯನೊಬ್ಬ ನನಗಿದ್ದ. ನನ್ನ ಸರದಿ ಬರಲು ಇನ್ನೂ ಹೊತ್ತಿದೆ. ನೀವೂ ಪಕ್ಕದಲ್ಲಿ ಕೂತುಕೊಳ್ಳಿ, ಹೇಳುತ್ತೇನೆ.

ಆಗ ಸಂಸ್ಥಾನಗಳ ಕಾಲ. ಬನಹಟ್ಟಿ ಜಮಖಂಡಿ ಸಂಸ್ಥಾನದ್ದು. ಅದಕ್ಕೆ ಗೋಡೆ ಹಚ್ಚಿ ಕಟ್ಟಿದಂತಿರುವ ರಬಕವಿ ಬೇರೆ ಸಂಸ್ಥಾನದ್ದು. ಈ ಊರಿನ ಕೋಳಿ ಆ ಊರಿನ ಅಂಗಳದಲ್ಲಿ ಕಾಳು ಹೆಕ್ಕಿದರೆ ಅದು ಪರರಾಜ್ಯ ಪ್ರವಾಸ ಮಾಡಿದಂತೆ. ಆಟವೆಂದರೆ ಕುಸ್ತಿಯೊಂದೇ ಎಂದು ನಂಬಿದ್ದ ಸೀಮೆಯಲ್ಲಿ, ಚೆಂಡನ್ನು ಒದೆಯುವುದು ಎತ್ತಿಗೂ ಕಲಿಸದೆ ಬರುವ ವಿದ್ಯೆಯೆಂದು ಹಿರಿಯರು ತೀರ್ಮಾನಿಸಿಬಿಟ್ಟಿದ್ದರು. ಆದರೆ ಪುಣೆಯಲ್ಲಿ ಓದಿ ಬಂದ ಜಮಖಂಡಿಯ ವಕೀಲರೊಬ್ಬರು ಫುಟ್‌ಬಾಲ್ ತಂಡ ಕಟ್ಟಿ, ಬೆಳ್ಳಿಯ ಕಪ್ಪೊಂದನ್ನು ಮಾಡಿಸಿಟ್ಟು, ವರ್ಷಾವರ್ಷ ಪಂದ್ಯ ನಡೆಸಿ, ವರ್ಷಾವರ್ಷ ತಮ್ಮ ತಂಡವೇ ಗೆದ್ದು, ತಮ್ಮ ಕಪ್ಪನ್ನು ತಾವೇ ತಮಗೆ ಭಾಷಣಸಹಿತ ಪ್ರದಾನ ಮಾಡಿಕೊಳ್ಳುತ್ತಿದ್ದರು. ಈ ಔದಾರ್ಯವನ್ನು ಬನಹಟ್ಟಿಯ ನೂಲಿನ ವ್ಯಾಪಾರಿ ಮಲ್ಲಪ್ಪ ಸಾವುಕಾರರಿಗೆ ಸಹಿಸಲಾಗಲಿಲ್ಲ. ವಕೀಲರ ಎದುರು ಕೋರ್ಟಿನಲ್ಲಿ ಒಮ್ಮೆ ಸೋತಿದ್ದ ಅವರು ಮೈದಾನದಲ್ಲಾದರೂ ಮೇಲ್ಮನವಿ ಸಲ್ಲಿಸೋಣವೆಂದು ತಾವೂ ಒಂದು ತಂಡ ಕಟ್ಟಿದರು. ಇಂಗ್ಲಿಷ್ ಓದಬಲ್ಲವನೆಂಬ ಕಾರಣಕ್ಕೆ ಆಟದ ನಿಯಮಗಳು ನನಗೆ ಗೊತ್ತಿರಬೇಕೆಂದೂ, ನಿಯಮ ಗೊತ್ತಿದ್ದವನು ಓಡಬೇಕಾಗಿಲ್ಲವೆಂದೂ ಭಾವಿಸಿ ನನ್ನನ್ನು ಗೋಲು ಕಾಯುವ ಗೋಲಿಯಾಗಿ ನಿಲ್ಲಿಸಿದರು. ನನಗೂ ಚೆಂಡಿಗೂ ಪರಸ್ಪರ ಗೌರವವಿತ್ತು. ಅದರ ದಾರಿಗೆ ನಾನು ಎಂದೂ ಅಡ್ಡ ಬರುತ್ತಿರಲಿಲ್ಲ.

ಇಂಥ ಸುಸಜ್ಜಿತ ತಂಡಕ್ಕೆ ನಾನು ಹೇಳಿದ ಆ ಗೆಳೆಯ, ಚನ್ನಪ್ಪ, ಬಂದದ್ದು ಯುದ್ಧದ ದಯೆಯಿಂದ.

ರಂಗೂನಿನ ಮೇಲೆ ಬಾಂಬು ಬಿದ್ದು, ಅಲ್ಲಿದ್ದ ನಮ್ಮವರು ಸಾವಿರಗಟ್ಟಲೆ ಕಾಡುಗುಡ್ಡ ತುಳಿದು ಈಚೆಗೆ ಬಂದರಲ್ಲ, ಅವರಲ್ಲಿ ಅವನೂ ಒಬ್ಬ. ಅವನ ತಂದೆ ಬಸಪ್ಪ ರಬಕವಿಯ ನೇಕಾರರ ಮನೆಯವನು. ಹರೆಯದಲ್ಲಿ ಮನೆ ಬಿಟ್ಟು ರಂಗೂನಿಗೆ ಹೋಗಿ, ಬಂದರಿನಲ್ಲಿ ದುಡಿದು, ಬರ್ಮಾದ ಹೆಣ್ಣನ್ನು ಮದುವೆಯಾಗಿ ಅಲ್ಲೇ ನಿಂತವನು. ತಾಯಿ ಮೊದಲೇ ತೀರಿದ್ದಳು. ತಂದೆ ದಾರಿಯಲ್ಲಿ ಜ್ವರ ಬಂದು ತೀರಿದ. ಮಗ ತಂದೆಯ ಬಾಯಿಂದ ಕೇಳಿದ್ದ ಊರಿನ ಹೆಸರೊಂದನ್ನೇ ಹಿಡಿದು, ತಾನು ಎಂದೂ ನೋಡಿರದ ರಬಕವಿಯನ್ನು ಹುಡುಕಿಕೊಂಡು ಬಂದ.

ಬಾಗಿಲು ತೆರೆದವನು ಬಸಪ್ಪನ ತಮ್ಮ, ಅವನ ಕಾಕಾ, ಗುರಲಿಂಗಪ್ಪ. ಮನೆಯ ಹಿರಿಯಳು ನೀಲವ್ವ, ಅಂದರೆ ಬಸಪ್ಪನ ತಾಯಿ, ಆಗ ಮಗಳ ಬಾಣಂತನಕ್ಕೆಂದು ತೇರದಾಳಕ್ಕೆ ಹೋಗಿದ್ದಳು. ಗುರಲಿಂಗಪ್ಪ ಬಂದವನನ್ನು ಮೇಲಿಂದ ಕೆಳಗೆ ನೋಡಿದ; ಚಪ್ಪಟೆ ಮೂಗು, ಹರಿದ ಅಂಗಿ, ಹುಣ್ಣು ಮಾಯದ ಪಾದ.

“ನಮ್ಮಣ್ಣಗ ಮಕ್ಕಳ ಇಲ್ಲ. ಅಂವ ಮದಿವಿನ ಆಗಿಲ್ಲ,” ಎಂದ.

“ನಾ ಅವನ ಮಗ ಅದೀನ್ರಿ, ಕಾಕಾ.”

ಪಕ್ಕದ ಮನೆಯವರು, “ಮಾತು ಕೇಳೋ ಗುರಲಿಂಗ, ನಮ್ಮ ಓಣಿ ಮಾತು ಐತಿ,” ಎಂದರಂತೆ. ನಿಜ ಹೇಳಬೇಕೆಂದರೆ ಅವನದು ನಮ್ಮೆಲ್ಲರಿಗಿಂತ ಅಚ್ಚ ರಬಕವಿಯ ಕನ್ನಡ. ತಂದೆ ಊರು ಬಿಟ್ಟ ಕಾಲದ ಮಾತು ಕೆಡದೆ ಹಾಗೇ ಉಳಿದಿತ್ತು. ಆದರೆ ಗುರಲಿಂಗಪ್ಪ, “ಗಿಳೀನೂ ಮಾತಾಡ್ತೈತಿ,” ಎಂದು ಬಾಗಿಲು ಮುಂದೆ ಮಾಡಿಕೊಂಡ. ಕಾಡು ದಾಟಿ, ನದಿ ದಾಟಿ, ದೇಶ ದಾಟಿ ಬಂದವನಿಗೆ ದಾಟಲಾಗದೆ ಹೋದದ್ದು ಕಲ್ಲಿನ ಒಂದು ಹೊಸ್ತಿಲು.

ಓಣಿ ದಾಟಿ ಬನಹಟ್ಟಿಗೆ ಬಂದ ಅವನು ಸಾವುಕಾರರ ಅಂಗಡಿಯಲ್ಲಿ ಕೆಲಸ ಕೇಳಿದಾಗ ನಾನು ಅಲ್ಲೇ ಇದ್ದೆ.

“ಏನ ಬರ್ತೈತಿ ನಿನಗ?” ಎಂದರು ಸಾವುಕಾರರು.

“ಮೂಟಿ ಹೊರಾಕ ಬರ್ತೈತ್ರಿ. ಮತ್ತ ಫುಟ್‌ಬಾಲ್ ಬರ್ತೈತ್ರಿ. ಬಂದರದ ಕಂಪನಿ ತಂಡದಾಗ ಪಗಾರಕ್ಕ ಆಡತಿದ್ನಿರಿ.”

ಸಾವುಕಾರರು ಗಾದಿಯ ಮೇಲೆ ನೆಟ್ಟಗೆ ಕೂತರು. “ದೊಡ್ಡ ತಂಡೇನು?”

“ಇಲ್ರಿ. ಕೆಳಗಿನ ದರ್ಜೆದು. ಅದರಾಗೂ ನಾವು ಬಾಳ ಸೋಲತಿದ್ವಿ.”

ಇಷ್ಟು ಪ್ರಾಮಾಣಿಕವಾದ ಅರ್ಜಿಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಆದರೆ ನಮ್ಮ ಊರಿಗೆ ಪ್ರಾಮಾಣಿಕತೆಯನ್ನು ಹಾಗೇ ನುಂಗುವ ಅಭ್ಯಾಸವಿಲ್ಲ; ಒಗ್ಗರಣೆ ಬೇಕು. ಅಂಗಡಿಯಿಂದ ಹೊರಟ ಸುದ್ದಿ ಬಾವಿಕಟ್ಟೆಗೆ ಬರುವಷ್ಟರಲ್ಲಿ ಅವನು ರಂಗೂನಿನ ಮೊದಲ ಆಟಗಾರನಾಗಿದ್ದ. ಬಾವಿಕಟ್ಟೆಯಿಂದ ರಬಕವಿ ಮುಟ್ಟುವಷ್ಟರಲ್ಲಿ ಬರಿಗಾಲಿನಲ್ಲಿ ಗೋರಾ ಸೋಲ್ಜರರನ್ನು ಸೋಲಿಸಿದ್ದ. ಅವನೊಬ್ಬನೇ ‘ಹಂಗಲ್ರಿ, ಹಂಗಲ್ರಿ’ ಎನ್ನುತ್ತ ತಿರುಗಿದ. ಅದನ್ನು ಜನ ವಿನಯವೆಂದರು.

ಹೀಗೆ ಸಾವುಕಾರರ ನೂಲಿನ ಗೋದಾಮಿನಲ್ಲಿ ಮಲಗಲು ಜಾಗ, ಮೂಟೆ ಹೊರುವ ಕೆಲಸದ ಹೆಸರಿನಲ್ಲಿ ಫುಟ್‌ಬಾಲಿನ ಪಗಾರ, ಇವೆರಡೂ ಅವನಿಗೆ ದಕ್ಕಿದವು. ಕೆಳದರ್ಜೆಯವನಾದರೇನು, ಚೆಂಡು ಗೆಳೆಯರ ಕಾಲಿಗೂ ಹೋಗಬೇಕಾದದ್ದು ಎಂಬ ರಹಸ್ಯವನ್ನು ನಮ್ಮ ಸೀಮೆಗೆ ಮೊದಲು ತಂದವನು ಅವನೇ. ಅಲ್ಲಿಯವರೆಗೆ ನಮ್ಮಲ್ಲಿ ಪ್ರತಿಯೊಬ್ಬನೂ ಚೆಂಡನ್ನು ಪಿತ್ರಾರ್ಜಿತ ಆಸ್ತಿಯಂತೆ ಕಾಲಿಗೆ ಕಟ್ಟಿಕೊಂಡು ಓಡುತ್ತಿದ್ದ. ಬೀಳಗಿಯವರನ್ನು ಸೋಲಿಸಿದೆವು, ಗಲಗಲಿಯವರನ್ನು ಅವರ ಹೊಳೆಯ ದಂಡೆಯಲ್ಲೇ ಸೋಲಿಸಿದೆವು. ‘ಸೋಲಿಸಿದೆವು’ ಎಂಬಲ್ಲಿ ನಾನೂ ಇದ್ದೇನೆ. ಕ್ಷೌರದಂಗಡಿಯವರನ್ನು ನೋಡಿ ನಕ್ಕ ನನಗೆ ಬೇರೆ ವ್ಯಾಕರಣ ಬರುತ್ತದೆಂದು ತಿಳಿಯಬೇಡಿ.

ಸಂಜೆ ಶಾಲೆ ಬಿಟ್ಟ ಮೇಲೆ ಗೋದಾಮಿನ ಮೆಟ್ಟಿಲ ಮೇಲೆ ನಾವಿಬ್ಬರೂ ಕೂಡುತ್ತಿದ್ದೆವು. ನಡೆದು ಬಂದ ದಾರಿಯ ಬಗ್ಗೆ ಅವನು ಮಾತೆತ್ತುತ್ತಿರಲಿಲ್ಲ. ನಾನು ಕೇಳಿದರೆ ಪಾದ ಮಡಚಿಕೊಂಡು, “ಬಂದ್ವಿರಿ ಮಾಸ್ತರ, ಹ್ಯಾಂಗೋ,” ಎಂದು ಮುಗಿಸುತ್ತಿದ್ದ. ಬಾಯಿ ಬಿಟ್ಟರೆ ಒಂದೇ ವಿಷಯ: ರಬಕವಿಯ ಮನೆಯಲ್ಲಿ ಕಿಟಕಿಯ ಪಕ್ಕ ಇದ್ದ ತಂದೆಯ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಆ ಮಗ್ಗದ ಸುದ್ದಿಯನ್ನು ತಂದೆ ಬಂದರಿನಿಂದ ಮರಳಿದ ದಿನವೆಲ್ಲ ಹೇಳುತ್ತಿದ್ದನಂತೆ. ರಬಕವಿಯಲ್ಲಿ ತನ್ನಂಥ ನೇಕಾರ ಮತ್ತೊಬ್ಬನಿಲ್ಲ ಎನ್ನುತ್ತಿದ್ದನಂತೆ.

“ಒಂದ ಸಲ ಅದರಾಗ ಕುಂತ ನೋಡಬೇಕ್ರಿ. ಮತ್ತೇನೂ ಬ್ಯಾಡ.”

ಆ ಮಾತನ್ನು ಕಾಕಾನ ಮುಂದೆ ಎತ್ತುವ ಅವಕಾಶವನ್ನು ಒದಗಿಸಿದ್ದು ಬಂಧುಪ್ರೇಮವಲ್ಲ, ಮುಧೋಳದ ಮೈದಾನ. ಅಲ್ಲಿ ಗೆದ್ದ ದಿನ ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು; ಹೊತ್ತವರಲ್ಲಿ ಒಂದು ಹೆಗಲು ಗುರಲಿಂಗಪ್ಪನದಾಗಿತ್ತು. “ಯಾರಂತ ತಿಳದೀರಿ? ನಮ್ಮ ಅಣ್ಣನ ಮಗ! ಮೂಗ ನೋಡ್ರಿ, ನಮ್ಮಣ್ಣನ ಮೂಗ!” ಎಂದು ಅವನು ಕೂಗಿದ. ಮದುವೆಯೇ ಆಗದ ಅಣ್ಣನಿಗೆ ಇಷ್ಟು ದೊಡ್ಡ ಮಗ ಹುಟ್ಟಿದ ಪವಾಡವನ್ನು ಯಾರೂ ಪ್ರಶ್ನಿಸಲಿಲ್ಲ.

ಮುಂದಿನ ವಾರ ಊಟಕ್ಕೆ ಕರೆ ಬಂತು. ಜೊತೆಗೆ ನಾನೂ ಹೋದೆ. ಹೊಸ್ತಿಲ ಹೊರಗಿನ ಕಟ್ಟೆಯ ಮೇಲೆಯೇ ಎಲೆ ಹಾಕಿದರು; ಹೋಳಿಗೆಯ ಮೇಲೆ ತುಪ್ಪ ಹರಿಯಿತು. ತೇರದಾಳದಿಂದ ಮರಳಿದ್ದ ನೀಲವ್ವ ಬಡಿಸುತ್ತ ಬಡಿಸುತ್ತ ಚನ್ನಪ್ಪನ ಕೈಬೆರಳುಗಳನ್ನೇ ನೋಡಿದಳು. ಅವನಿಗೆ ಇನ್ನೊಂದು ಹೋಳಿಗೆ ಹಾಕಿದಳು. ಊಟವಾದ ಮೇಲೆ ಅವನು ಮಗ್ಗದ ಮಾತು ತೆಗೆದ.

ಗುರಲಿಂಗಪ್ಪ ಅಡಿಕೆ ಕತ್ತರಿಸುತ್ತ, “ಅವಸರ ಯಾಕಪಾ? ಕಪ್ ಗೆದ್ದ ತಾ, ಮಂದಿ ಮುಂದ ಕುಂದರಸ್ತೀನಿ. ಅಂದಂಗ, ನೂಲಿಂದು ಸಾವುಕಾರ್ರಿಗೆ ಒಂದ ಮಾತ ಹೇಳ ನೋಡು,” ಎಂದ.

ಯುದ್ಧದ ಕಾಲವಾದ್ದರಿಂದ ನೂಲು ಬಂಗಾರದಷ್ಟು ದುರ್ಲಭವಾಗಿತ್ತು. ಎಷ್ಟೋ ಮನೆಗಳಲ್ಲಿ ಮಗ್ಗ ನಿಂತಿದ್ದವು. ಚನ್ನಪ್ಪ ಹೇಳಿದ, ಸಾವುಕಾರರು ಕೊಟ್ಟರು, ಗುರಲಿಂಗಪ್ಪನ ಮಗ್ಗಗಳು ಸದ್ದು ಮಾಡತೊಡಗಿದವು. ಒಂದು ಮಗ್ಗ ಮಾತ್ರ ಕಪ್ಪಿನ ದಾರಿ ಕಾಯುತ್ತ ಖಾಲಿ ಉಳಿಯಿತು.

ಜಮಖಂಡಿಯ ಅಂತಿಮ ಪಂದ್ಯಕ್ಕೆ ಎರಡೂ ಊರು ಚಕ್ಕಡಿ ಕಟ್ಟಿಕೊಂಡು ಬಂದವು. ವಕೀಲರು ಕೊಲ್ಹಾಪುರದ ಕಡೆಯಿಂದ ದಷ್ಟಪುಷ್ಟರಾದ ಕೆಲವರನ್ನು ಕರೆಸಿ, ಅವರು ತಮ್ಮ ಕಚೇರಿಯ ಗುಮಾಸ್ತರೆಂದು ಪರಿಚಯಿಸಿದರು. ಅಂಥ ತೊಡೆಯ ಗುಮಾಸ್ತರನ್ನು ನಾನು ಬೇರೆ ಯಾವ ಕಚೇರಿಯಲ್ಲೂ ಕಂಡಿಲ್ಲ. ಅವರು ಮೊದಲು ನನಗೆ ಒಂದು ಗೋಲು ಹೊಡೆದರು. ಬಳಿಕ ನಾವೆಷ್ಟು ಹೆಣಗಿದರೂ ಸಮ ಮಾಡಲಾಗಲಿಲ್ಲ. ಆಟ ಮುಗಿಯಲು ಬಂದಾಗ ಚನ್ನಪ್ಪ ಚೆಂಡು ಹಿಡಿದು ಅವರ ಗೋಲಿನ ಹತ್ತಿರ ನುಗ್ಗಿದ. ಒಬ್ಬ ಗುಮಾಸ್ತ ಅವನ ಮಂಡಿಗೇ ಅಪ್ಪಳಿಸಿದ. ಸೀಟಿ ಕೇಳಿತು. ನಮಗೆ ಪೆನಾಲ್ಟಿ ಸಿಕ್ಕಿತು.

ಚನ್ನಪ್ಪ ಏಳಲಾರದೆ ನೆಲ ಹಿಡಿದಿದ್ದ. ನಾನು ಓಡಿ ಹೋಗಿ, “ಬ್ಯಾರೇದವರು ಹೊಡೀಲಿ,” ಎಂದೆ. ಕುರ್ಚಿಯ ಮೇಲಿದ್ದ ಸಾವುಕಾರರು ಅಲ್ಲಿಂದಲೇ ಗುಡುಗಿದರು: “ಅವನ ಹೊಡೀಲಿ! ಪಗಾರ ಯಾತಕ್ಕ ಕೊಡತೀನಿ?”

ಅವನು ನನ್ನ ಹೆಗಲು ಹಿಡಿದು ಎದ್ದ. ಕುಂಟುತ್ತ ಚೆಂಡಿನ ಹತ್ತಿರ ಹೋದ. ಹೊಡೆದ ಚೆಂಡು ದೇವರಿಗೆ ಇಟ್ಟ ನೈವೇದ್ಯದಂತೆ ಮೆಲ್ಲಗೆ ಉರುಳಿ ಅವರ ಗೋಲಿಯ ಕೈ ಸೇರಿತು. ಚನ್ನಪ್ಪ ಅಲ್ಲೇ ಕುಸಿದು ಕೂತ. ಸುತ್ತ ತಿರುಗಿ ನೋಡಿದೆ. ಅವನನ್ನು ಹೊರಲು ಒಂದು ಹೆಗಲೂ ಇರಲಿಲ್ಲ. ಗುರಲಿಂಗಪ್ಪ ಆಗಲೇ ಚಕ್ಕಡಿಗೆ ಎತ್ತಿನ ಕೊರಳು ಕಟ್ಟುತ್ತ, “ಬರ್ಮಾದಾಂವ ಕೆಡಿಸಿದ,” ಎಂದು ನಾಲ್ಕು ಮಂದಿಗೆ ಕೇಳುವಂತೆ ಹೇಳುತ್ತಿದ್ದ.

ಮುಂದಿನದು ಬೇಗ ಬೇಗ ನಡೆಯಿತು. ಸಾವುಕಾರರು ತಂಡ ಮುಚ್ಚಿ ಪೈಲವಾನನೊಬ್ಬನನ್ನು ಸಾಕತೊಡಗಿದರು. ಅವನಿಗೆ ಹಾಲು ಬಾದಾಮಿ ಇಡಲು ಗೋದಾಮಿನಲ್ಲಿ ಜಾಗ ಬೇಕಾಯಿತು. ಚನ್ನಪ್ಪ ಮಂಡಿಗೆ ಕಟ್ಟು ಹಾಕಿಸಿಕೊಂಡು ಕೆಲವು ದಿನ ನನ್ನ ಕೋಣೆಯಲ್ಲಿದ್ದ. ಒಂದು ಮುಂಜಾನೆ, “ಮುಧೋಳದ ಕಡೆ ಹೊಲ ಕಾಯೂ ಕೆಲಸ ಐತಂತ್ರಿ. ಕುಂತಲ್ಲೇ ಕಾಯೂದು,” ಎಂದ. ಬೇಡವೆಂದರೂ ಕೇಳಲಿಲ್ಲ. ಚಕ್ಕಡಿ ಮಾಡಿಕೊಂಡು ಹೊರಟೆವು. ದಾರಿ ಗುರಲಿಂಗಪ್ಪನ ಮನೆಯ ಮುಂದೆಯೇ ಹಾಯ್ದು ಹೋಗುತ್ತಿತ್ತು.

ಕಟ್ಟೆಯ ಮೇಲೆ ನೀಲವ್ವ ರಾಟಿ ತಿರುವುತ್ತ ನೂಲು ಸುತ್ತುತ್ತಿದ್ದಳು. ಚಕ್ಕಡಿಯಲ್ಲಿ ಕಾಲು ಚಾಚಿ ಕೂತವನನ್ನು ಕಂಡು ಎದ್ದು ಬಂದು ಎತ್ತಿನ ಹಗ್ಗವನ್ನೇ ಹಿಡಿದಳು.

“ಎಲ್ಲಿಗ್ರಿ ಮಾಸ್ತರ, ನಮ್ಮ ಹುಡುಗನ್ನ ಒಯ್ಯಾಕತ್ತೀರಿ?”

ನಾನು ಹೇಳಿದೆ. ಅಷ್ಟರಲ್ಲಿ ಗುರಲಿಂಗಪ್ಪ ಹೊರಗೆ ಬಂದ. “ಬಿಡ ಯವ್ವಾ, ಅಂವ ಯಾವ ಊರಾಂವೋ ಏನೋ.”

“ಹೋಳಿಗಿ ನೀಡಿದ ದಿನ ಅಣ್ಣನ ಮಗ ಇದ್ನಲ್ಲೋ,” ಎಂದಳು ಮುದುಕಿ. “ಹೋಳಿಗಿ ಅರಗೂದ್ರಾಗ ಹ್ಯಾಂಗ ಬ್ಯಾರೆ ಆದ?”

“ಆಗ ಮಂದಿ ಅಂದ್ರಂತ…”

“ನಾ ಮಂದೀನ ಕೇಳಿಲ್ಲ. ಅವನ ಬೆರಳ ನೋಡೀನಿ, ನನ್ನ ಬಸಣ್ಣನ ಬೆರಳ. ಕಪ್ ತಂದ ಮ್ಯಾಲ ನೀನ ಒಳಗ ಕರೀತಿ ಅಂತ ಸುಮ್ಮನಿದ್ದೆ. ಈಗ ಒಳಗ ಓಡಾಕತ್ತಿರೂ ಮಗ್ಗದಾಗಿನ ನೂಲು ಯಾರ ತಂದದ್ದು? ಅದನ್ನೂ ಬರ್ಮಾಕ್ಕ ಕಳಸ್ತಿಯೇನು?”

ಗುರಲಿಂಗಪ್ಪ ಹೊಸ್ತಿಲು ಬಿಟ್ಟು ಪಕ್ಕಕ್ಕೆ ಸರಿದ. ನೀಲವ್ವ ಚನ್ನಪ್ಪನ ಕಡೆ ತಿರುಗಿ, “ಇಳಿ. ಕೈ ಹಿಡೀರಿ ಮಾಸ್ತರ,” ಎಂದಳು. ಆ ಕಲ್ಲಿನ ಹೊಸ್ತಿಲನ್ನು ಅವನು ನಮ್ಮಿಬ್ಬರ ಹೆಗಲ ಮೇಲೆ, ಒಂದೇ ಕಾಲಿನಲ್ಲಿ ದಾಟಿದ.

ಮಂಡಿ ಮಡಚಲು ಬಂದ ದಿನ ಅವನನ್ನು ಕಿಟಕಿಯ ಪಕ್ಕದ ಕುಣಿಯಲ್ಲಿ ಕೂಡಿಸಿದರು. ನನಗೂ ಹೇಳಿಕಳಿಸಿದ್ದರು. ಅವನು ಮಗ್ಗದ ಮರವನ್ನು ಸವರಿದ, ಕಣ್ಣೊರೆಸಿಕೊಂಡ, ಲಾಳಿ ಹಿಡಿದ. ಆಮೇಲೆ ನಡೆದದ್ದನ್ನು ನೇಯ್ಗೆಯೆಂದು ಕರೆಯುವುದು ಕಷ್ಟ. ಎಳೆ ಹರಿದವು, ಎಳೆಗೆ ಎಳೆ ಸಿಕ್ಕಿತು, ಲಾಳಿ ಹಾರಿ ಗುರಲಿಂಗಪ್ಪನ ಎದೆಗೆ ಬಡಿಯಿತು. ಅದೊಂದು ಗುರಿ ಮಾತ್ರ ತಪ್ಪಲಿಲ್ಲ. ನೀಲವ್ವ ಗೋಡೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಅತ್ತಳು.

“ಹಿಂಗ! ನಿಮ್ಮಪ್ಪ ಥೇಟ ಹಿಂಗ ನೇಯ್ತಿದ್ದ!”

ಚನ್ನಪ್ಪ ಬೆಪ್ಪಾದ. “ರಬಕವಿಯಾಗ ತನ್ನಂಥ ನೇಕಾರ ಇಲ್ಲ ಅಂತಿದ್ನಲ್ಲಾ, ಆಯಿ?”

“ಖರೇನ ಹೇಳ್ಯಾನ. ಅವನಂಥಾ ನೇಕಾರ ಆಗೂ ಇದ್ದಿಲ್ಲ, ಈಗೂ ಇಲ್ಲ. ಒಂದ ಸೀರಿ ನೆಟ್ಟಗ ಇಳಸಲಿಲ್ಲ. ನಿಮ್ಮಜ್ಜ ಬೈದ್ನಂತ ಓಡಿ ಹ್ವಾದ ನನ ಮಗ.” ಆಮೇಲೆ ಮಗನ ಕಡೆ ನೋಡಿ, “ಇನ್ನೂ ಸಾಕ್ಷಿ ಬೇಕೇನೋ ಗುರಲಿಂಗ?” ಎಂದಳು. ತನ್ನ ಅಣ್ಣನ ನೇಯ್ಗೆಯನ್ನು ಕಣ್ಣಾರೆ ಕಂಡಿದ್ದ ಗುರಲಿಂಗಪ್ಪ ಎದೆ ತಿಕ್ಕಿಕೊಳ್ಳುತ್ತ ಮೊದಲ ಸಲ ಮನಸಾರೆ ನಕ್ಕ.

ಚನ್ನಪ್ಪ ನೇಕಾರನಾಗಲಿಲ್ಲ, ಸೀರೆಯ ಗಂಟು ಹೊತ್ತು ಸಂತೆಗೆ ಹೋಗಿ ಮಾರುವವನಾದ. ಮಂಡಿ ಸೊಟ್ಟಗೇ ಕೂಡಿತು. ಆದರೂ ವರ್ಷದೊಳಗೆ ಮತ್ತೆ ಚೆಂಡಿಗೆ ಕಾಲು ಹಾಕಿದ. ಕರೆದ ಊರಿಗೆ ನನ್ನನ್ನೂ ಕರೆದುಕೊಂಡು ಹೋಗಿ, ಕೊಟ್ಟಷ್ಟು ತೆಗೆದುಕೊಂಡು, ರಂಗೂನಿನಲ್ಲಿ ಆಡುತ್ತಿದ್ದ ದರ್ಜೆಯಲ್ಲೇ, ಅಲ್ಲಿ ಸೋಲುತ್ತಿದ್ದಷ್ಟೇ ಸೋಲುತ್ತ ಆಡಿದ. ಕೆಲವು ವರ್ಷಗಳಲ್ಲಿ ಸಂಸ್ಥಾನಗಳು ವಿಲೀನವಾಗಿ ನಮ್ಮ ಎರಡೂ ಊರು ಒಂದೇ ಸರಕಾರದ ಕೆಳಗೆ ಬಂದವು. ಕೋಳಿಗಳ ಪರರಾಜ್ಯ ಪ್ರವಾಸ ನಿಂತಿತು. ಸೋತು ಬಂದವನನ್ನು ಒಳಗೆ ಕರೆದುಕೊಳ್ಳುವ ಮನೆ ಒಂದಿದ್ದರೆ ಮನುಷ್ಯ ಎಷ್ಟು ನಿಶ್ಚಿಂತೆಯಿಂದ ಆಡಬಲ್ಲನೆಂಬುದನ್ನು ಆ ವರ್ಷಗಳಲ್ಲಿ ನಾನು ಗೋಲಿನಲ್ಲಿ ನಿಂತೇ ನೋಡಿದೆ. ನಿಂತಲ್ಲಿಂದ ನೋಡುವುದು ಬಿಟ್ಟು ನನಗೆ ಬೇರೆ ಕೆಲಸವೂ ಇರುತ್ತಿರಲಿಲ್ಲ.

ಒಂದು ಸಂಜೆ ಸಾವಳಗಿಯಲ್ಲಿ ಯಥೇಚ್ಛವಾಗಿ ಸೋತು, ಮೈತುಂಬ ಧೂಳು ಮಾಡಿಕೊಂಡು, ನಾವಿಬ್ಬರೂ ಆ ಮನೆಗೆ ಬಂದೆವು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಗುರಲಿಂಗಪ್ಪ ಹಳೆಯ ಚಾಳಿಯಂತೆ ಬಾಯಿ ತೆರೆದ: “ಏನಾತೋ? ಗೆದ್…”

“ಗುರಲಿಂಗಾ,” ಎಂದಳು ನೀಲವ್ವ ಒಲೆಯ ಮುಂದಿನಿಂದ, “ಅದನ್ನ ಉಂಡ ಮ್ಯಾಲ ಕೇಳು.”