ಮೂರೇ ಸಲ ಬದಲಿಸಿದ ನೀರು

ಆಕೆ ಕೂತಲ್ಲಿ ಕೂರುವವಳಲ್ಲ. ಪ್ರಯೋಗಾಲಯದಲ್ಲಿ ಎಲ್ಲರೂ 'ಗಾಲಿ ಅಕ್ಕ' ಅಂತಲೇ ಕರೆಯುತ್ತಿದ್ದರು. ಕಡಲೆಬೀಜ ಅರೆದು, ಸೋಸಿ, ಲೆಕ್ಟಿನ್ ಎಂಬ ಪ್ರೋಟೀನು ತೆಗೆಯುವುದರಲ್ಲಿ ಎತ್ತಿದ ಕೈ. ತನಗೆ ಒಗ್ಗುವ ಸಕ್ಕರೆ ಸಿಕ್ಕರೆ ಗಪ್ಪನೆ ಹಿಡಿದುಕೊಳ್ಳುವುದು ಲೆಕ್ಟಿನ್ನಿನ ಗುಣ.

ಕೊರೆಯುವ ಕಡಲಿನ ಕೆಲವು ಮೀನುಗಳ ರಕ್ತದಲ್ಲಿ ಇನ್ನೊಂದು ಪ್ರೋಟೀನಿದೆ. ಅದರ ಮೈತುಂಬ ಸಕ್ಕರೆ. ಮಂಜಿನ ಹರಳಿಗೆ ಅಂಟಿಕೊಂಡು ಬೆಳೆಯಲು ಬಿಡುವುದಿಲ್ಲ. ಹಾಗಾಗಿ ಮೀನು ಹೆಪ್ಪುಗಟ್ಟುವುದಿಲ್ಲ. ಲೆಕ್ಟಿನ್ ಹೋಗಿ ಆ ಸಕ್ಕರೆಯನ್ನೇ ಹಿಡಿದರೆ ಮಂಜು ಬೆಳೆದೀತು ಎಂದು ಪ್ರೊಫೆಸರ ಊಹೆ. ಆದರೆ ಎರಡನ್ನೂ ಬೆರೆಸಿ ತಣಿಸಿದರೂ ಸೂಕ್ಷ್ಮದರ್ಶಕದಡಿ ಹರಳು ಮಿಸುಕಲಿಲ್ಲ. ಒಂದಲ್ಲ, ಐದು ಸಲ.

"ಇವೆರಡಕ್ಕೂ ಆಗಿಬರೋದಿಲ್ಲ ಬಿಡಿ," ಎಂದು ಪ್ರೊಫೆಸರು ವರದಿ ಕಳಿಸಿಯೇಬಿಟ್ಟರು.

ಅಂದಿನಿಂದ ಮನೆಯಲ್ಲಿ ಅಕ್ಕನ ಓಡಾಟ ನಿಲ್ಲಲಿಲ್ಲ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ.

"ಏನೇ ಇದು, ನೆಲ ಸವೆಸ್ತೀಯಾ?" ಎಂದ ಗಂಡ.

ಅಕ್ಕ ಮತ್ತೊಂದು ಸುತ್ತು ಹೊರಟಳು. ಸೋಸುವಾಗ ಸಕ್ಕರೆ ಮೆತ್ತಿದ ಮಣಿಗಳಿಗೆ ಅಂಟುವ ಲೆಕ್ಟಿನ್ನನ್ನು ಕೊನೆಗೆ ಸಕ್ಕರೆನೀರು ಹಾಯಿಸಿಯೇ ಬಿಡಿಸಿಕೊಳ್ಳಬೇಕು. ಆಮೇಲೆ ತೆಳುಪೊರೆಯ ಚೀಲದಲ್ಲಿಟ್ಟು, ಎರಡು ದಿನ ಎಂಟು ಸಲ ನೀರು ಬದಲಿಸಿ ಆ ಸಕ್ಕರೆ ಕಳೆಯಬೇಕು. ಈ ಪ್ರಯೋಗಕ್ಕೆ ಲೆಕ್ಟಿನ್ ತೆಗೆದ ದಿನ ಮಗಳಿಗೆ ಹೆರಿಗೆ ನೋವು ಎಂದು ಫೋನು ಬಂತು. ಮೂರು ಸಲ ಬದಲಿಸಿ, ಪುಸ್ತಕದಲ್ಲಿ ಸಲಕ್ಕೊಂದರಂತೆ ಎಂಟೂ ಗೀಟು ಎಳೆದು, ಬಿದ್ದೆನೋ ಕೆಟ್ಟೆನೋ ಎಂದು ಬಸ್ಸಿಗೆ ಓಡಿದ್ದಳು. ಮೊಮ್ಮಗಳ ಸಂಭ್ರಮದಲ್ಲಿ ಅದು ಮರೆತೇ ಹೋಗಿ, ವರದಿ ಹೋದ ದಿನವೇ ನೆನಪಾದದ್ದು.

ವರದಿ ಹೋದ ನಾಲ್ಕನೆಯ ದಿನ ಬೆಳಿಗ್ಗೆ ನೇರ ಪ್ರೊಫೆಸರ ಕೋಣೆಗೆ ನುಗ್ಗಿದಳು.

"ಸಾರ್, ಲೆಕ್ಟಿನ್ ಕೈಯಲ್ಲಿ ಮೊದಲೇ ಸಕ್ಕರೆ ತುಂಬಿತ್ತು. ಇನ್ನು ಮೀನಿಂದು ಹೇಗೆ ಹಿಡ್ಕೊಳ್ಳುತ್ತೆ?"

"ಎಂಟು ಸಲ ಅಂತ ಬರೆದಿದೆಯಲ್ಲ?"

"ಅದು ಸುಳ್ಳು ಗೀಟು. ನಾನೇ ಎಳೆದದ್ದು."

ಅವರ ಮುಖ ಕಪ್ಪಿಟ್ಟಿತು. ಫೋನೆತ್ತಿ ವರದಿ ವಾಪಸು ಕೇಳಿದರು. "ಮತ್ತೆ ತೆಗಿ," ಎಂದರು, ಅವಳ ಕಡೆ ನೋಡದೆ.

ತೆಗೆದಳು. ಎಂಟು ಸಾಲದು ಎನಿಸಿ ಹತ್ತು ಸಲ ನೀರು ಬದಲಿಸಿದಳು. ಆ ಲೆಕ್ಟಿನ್ ಅನ್ನು ಮೀನಿನ ಪ್ರೋಟೀನಿಗೆ ಬೆರೆಸಿ ತಣಿಸುತ್ತಿದ್ದಂತೆ ಹರಳಿನ ಅಂಚು ನಡುಗಿತು, ಉಬ್ಬಿತು, ನೋಡನೋಡುತ್ತ ಪರದೆ ತುಂಬ ಹರಡಿತು.

"ಹಿಡ್ಕೊಂಡುಬಿಡ್ತಲ್ಲ!" ಎಂದು ಪ್ರೊಫೆಸರು ಕೂಗಿದರು.

ಸಂಜೆ ಅವರೇ ಕರೆದು ಹೇಳಿದರು: ಇನ್ನು ಮೇಲೆ ಅವಳ ಪುಸ್ತಕದ ಪ್ರತಿ ಪುಟಕ್ಕೂ ಇನ್ನೊಬ್ಬರ ಸಹಿ ಬೀಳಬೇಕು. ಇಪ್ಪತ್ತೆರಡು ವರ್ಷದ ಸರ್ವೀಸಿನವಳಿಗೆ ಚುರುಕ್ಕೆಂದಿತು. ಎದುರಾಡದೆ, ಮೊದಲ ಸಹಿಗೆ ಪುಸ್ತಕ ಹಿಡಿದು ಪಕ್ಕದ ಕೋಣೆಗೆ ನಡೆದಳು.