ಅರ್ಧಕ್ಕೆ ನಿಂತ ಜಡೆ

ದೆವ್ವ, ಶಕುನ ಎಂದು ಮಾತೆತ್ತಿದವರ ಮುಂದೆ ನಾನು ನಕ್ಕಿದ್ದೇ ಹೆಚ್ಚು. ಈಗ ನನ್ನನ್ನು ನೋಡಿ ನೀವು ನಕ್ಕರೆ ನನ್ನದೇನೂ ತಕರಾರಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಎರಡು ಸಾವಿರದ ಐದಾರರ ಸುಮಾರು. ಪುಣೆಯಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಹುಚ್ಚು ಹಬ್ಬುತ್ತಿದ್ದ ಕಾಲ. ವಾರವೆಲ್ಲ ಔಷಧದ ಹೋಲ್‌ಸೇಲ್ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದ ನಾನು ರವಿವಾರ ಅಂಥ ಪಾರ್ಟಿಗಳಲ್ಲಿ ಬೆಳಕಿನ ಆಟ ತೋರಿಸುತ್ತಿದ್ದೆ. ಕೀಚೈನಿನ ಪುಟ್ಟ ದೀಪಗಳನ್ನು ಬಿಚ್ಚಿ ಕಪ್ಪು ಕೈಗವಸಿನ ಬೆರಳ ತುದಿಗಳಿಗೆ ಹೊಲಿದುಕೊಂಡಿದ್ದೆ. ಕತ್ತಲಲ್ಲಿ ಕೈ ಕಾಣುವುದಿಲ್ಲ, ಬೆಳಕಿನ ಚುಕ್ಕೆಗಳಷ್ಟೇ ತಾಳಕ್ಕೆ ತಕ್ಕಂತೆ ಹರಿದಾಡುತ್ತವೆ. ಕುಣಿದು ದಣಿದವರು ಎದುರಿಗೆ ಕುಳಿತು ಬಾಯಿ ತೆರೆದು ನೋಡುತ್ತಿದ್ದರು.

ತಾಲೀಮು ಮಾತ್ರ ಬಿಬವೇವಾಡಿಯ ನಮ್ಮ ಮನೆಯಲ್ಲೇ. ಆಗಿನ ಲೋಡ್‌ಶೆಡ್ಡಿಂಗ್ ದೆಸೆಯಿಂದ ಕತ್ತಲೆ ಪುಕ್ಕಟೆ ಸಿಗುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವ್ವ, ತಂಗಿ ಸುಧಾ, ನಾನು ಮೂವರೇ. ಲಕ್ವಾ ಹೊಡೆದು ಅವ್ವನ ಬಲಗೈ, ಮಾತು ಎರಡೂ ಹೋಗಿ ವರ್ಷ ದಾಟಿತ್ತು. ಓಣಿಯ ಹುಡುಗಿಯರಿಗೆಲ್ಲ ಜಡೆ ಹಾಕಿಕೊಡುತ್ತಿದ್ದ ಕೈ ಅದು. ಈಗ ಸುಧಾ ಹೇಗೋ ಕೂದಲು ಗಂಟು ಹಾಕಿಕೊಂಡು ಕಾಲೇಜಿಗೆ ಓಡುವುದನ್ನು ನೋಡಿ ಅವ್ವನ ಕಣ್ಣು ತುಂಬುತ್ತಿತ್ತು. ನನ್ನ ದೀಪಗಳನ್ನು ಕಂಡಾಗ ಮಾತ್ರ ನಗುತ್ತಿದ್ದಳು. ಎಂದಾದರೂ ಆ ಕೈ ಎದ್ದೀತು ಎಂಬ ಆಸೆ ನಮಗಿತ್ತು, ಡಾಕ್ಟರರಿಗೆ ಇರಲಿಲ್ಲ.

ಆ ರವಿವಾರ ಸಾಸವಡದ ಹತ್ತಿರ ಒಂದು ಫಾರ್ಮ್‌ಹೌಸಿನಲ್ಲಿ ಪಾರ್ಟಿ. ರಾತ್ರಿ ಹತ್ತಕ್ಕೆ ಸ್ಪೀಕರ್ ಬಂದ್ ಮಾಡಬೇಕಾದ್ದರಿಂದ ಮಧ್ಯಾಹ್ನವೇ ಸುರುವಾಗಿತ್ತು. ಹೊತ್ತು ಮುಳುಗಿ ಮಬ್ಬು ಕವಿಯುತ್ತಲೇ ಗವಸು ತೊಟ್ಟೆ. ಎದುರಿಗೆ ಗೆಳೆಯ ಮಿಲಿಂದ ಕುಳಿತಿದ್ದ. ಆಟಕ್ಕೆ ರಂಗೇರುತ್ತಿದ್ದ ಹಾಗೆ ನನ್ನ ಬಲಗೈ ತಟ್ಟನೆ ತೊಡೆಯ ಮೇಲೆ ಬಿತ್ತು. ನೋವಿಲ್ಲ, ಜೋಮು ಹಿಡಿದಂತೆಯೂ ಇಲ್ಲ. ಅದು ನನ್ನ ಕೈಯೇ ಅಲ್ಲವೇನೋ ಅನ್ನಿಸಿತು. ದೀಪಗಳು ಉರಿಯುತ್ತಲೇ ಇದ್ದವು, ಬೆರಳು ಮಾತ್ರ ಅಲ್ಲಾಡಲೊಲ್ಲವು.

ಇದೊಂದು ಹೊಸ ಪಟ್ಟು ಎಂದುಕೊಂಡ ಮಿಲಿಂದ, "ಭಾರೀ ರೇ," ಎಂದ. ನನಗೆ ಜೀವವೇ ಹಾರಿಹೋಗಿತ್ತು. ಅವ್ವನಿಗಾದದ್ದೇ ನನಗೂ ಆಯಿತೆಂದು ಹೆದರಿ ಎಡಗೈಯಿಂದ ಅದನ್ನು ಹಿಡಿದು ಕೊಡವಿದೆ, ಗವಸು ಕಿತ್ತು ತಿಕ್ಕಿದೆ, ಕಡೆಗೆ ನೆಲಕ್ಕೆ ಬಡಿದೆ. ಆಗ ಒಮ್ಮೆಲೇ ಬೆರಳುಗಳು ಮಡಚಿಕೊಂಡವು.

ಮನೆಗೆ ಬಂದರೆ ಸುಧಾ ಬಾಗಿಲಲ್ಲೇ ಕುಳಿತಿದ್ದಳು. "ಅಣ್ಣಾ, ಇಲ್ನೋಡು," ಎಂದು ಬೆನ್ನು ತಿರುಗಿಸಿದಳು. ಬಿಗಿಯಾದ ಜಡೆ, ಥೇಟ್ ಅವ್ವ ಹಾಕಿದ ಹಾಗೆ. ಅರ್ಧಕ್ಕೇ ನಿಂತಿತ್ತು, ಕೆಳಗಿನ ಕೂದಲು ಹರವಿಕೊಂಡಿತ್ತು.

"ದೀಪಾ ಹಚ್ಚೋ ಹೊತ್ತಿಗೆ ಕರೆಂಟ್ ಹೋತು. ಅವ್ವನ ಕಾಲ ಹತ್ರ ಕೂತಿದ್ದೆ. ಹಿಂದಿಂದ ಎರಡೂ ಕೈ ಕೂದಲದಾಗ ಬಂದ್ವು. ಹೊಳ್ಳಿ ನೋಡಿದ್ರ ಎಲ್ಲಿ ಬಿಟ್ಟುಬಿಡ್ತಾಳೋ ಅಂತ ಹಂಗ ಕೂತೆ. ನಡುವ ಯಾರೋ ಜಗ್ಗಿದಂಗಾಗಿ ಒಂದು ಕೈ ಬಿದ್ದುಬಿಡ್ತು."

ಒಳಗೆ ಹೋದೆ. ಅವ್ವ ನನ್ನ ಮುಖ ನೋಡಲಿಲ್ಲ. ಎಡಗೈಯಿಂದ ನನ್ನ ಬಲಗೈ ಹಿಡಿದುಕೊಂಡು, ನೆಲಕ್ಕೆ ಬಡಿದು ತರಚಿದ್ದ ಗೆಣ್ಣುಗಳ ಮೇಲೆ ಮೆಲ್ಲಗೆ ಊದಿದಳು. ನನ್ನ ಕೈಗೆ ಗಾಯವಾದದ್ದನ್ನು ನಾನಿನ್ನೂ ಯಾರಿಗೂ ಹೇಳಿರಲಿಲ್ಲ.

ಗವಸು ಬಿಗಿಯಾಗಿ ರಕ್ತ ನಿಂತಿರಬಹುದು. ಸುಧಾ ಕತ್ತಲಲ್ಲಿ ಏನೋ ಭ್ರಮಿಸಿರಬಹುದು. ಹೀಗೆಲ್ಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಅಷ್ಟು ಬಿಗಿಯಾಗಿ ತನ್ನ ಜಡೆಯನ್ನು ತಾನೇ ಹಾಕಿಕೊಳ್ಳಲು ಅವಳಿಗೆ ಇವತ್ತಿಗೂ ಬರುವುದಿಲ್ಲ. ಆ ಜಡೆಯನ್ನು ಅವಳು ಎಷ್ಟೋ ದಿನ ಬಿಚ್ಚಲಿಲ್ಲ. ನನಗಾದದ್ದನ್ನು ಹೇಳಿದಾಗ ಜಡೆಯ ತುದಿ ಹಿಡಿದುಕೊಂಡು, "ಇನ್ನೊಂದ್ ಸ್ವಲ್ಪ ತಡೀಬೇಕಿತ್ತಣ್ಣ," ಎಂದಳು, ಅಷ್ಟೇ.

ಅವ್ವನ ಕೈ ಮತ್ತೆ ಏಳಲಿಲ್ಲ. ಅವಳೂ ಹೋಗಿ ವರ್ಷಗಳಾದವು. ಈಗಲೂ ಕರೆಂಟ್ ಹೋದರೆ ಬಲಗೈಯನ್ನು ತೊಡೆಯ ಮೇಲೆ ಬಿಟ್ಟು ಕೂಡುತ್ತೇನೆ. ಸ್ವಲ್ಪ ಹೊತ್ತಾದ ಮೇಲೆ ಬೆರಳು ಅಲ್ಲಾಡಿಸಿ ನೋಡುತ್ತೇನೆ. ಪ್ರತಿ ಸಲವೂ ಅಲ್ಲಾಡುತ್ತವೆ.